ಪಲ್ಲಾವರಂ ಸಂತೆಯ ಪೆಟ್ಟಿಗೆ

"ಏಳಿ, ಏಳಿ! ಅಲ್ಲಿ ಕೂತ್ಕೊಳ್ಬೇಡಿ, ಮದುವೆ ಸೀರೆಯ ನೂಲು ಉಂಟು ಅಲ್ಲಿ," ಎಂದಳು ಸುಮತಿ.

ಭೋಜರಾಜರು ಎದ್ದರು. ಗಂಟೆ ಇನ್ನೂ ಬೆಳಗಿನ ಆರೂವರೆ, ಆಗಲೇ ಇದು ಮೂರನೆಯ ಸಲ. ಸೋಫಾದ ಮೇಲೆ ರೇಷ್ಮೆ ನೂಲಿನ ಲಡಿಗಳು, ಊಟದ ಮೇಜಿನ ಮೇಲೆ ಮಣಿಗಳ ಡಬ್ಬಿಗಳು, ಮಂಚದ ಮೇಲೆ ಅರ್ಧ ಕುಚ್ಚು ಕಟ್ಟಿದ ಹನ್ನೊಂದು ಸೀರೆಗಳು. ಸುಮತಿ ಸೀರೆಯ ಸೆರಗಿಗೆ ಕುಚ್ಚು ಕಟ್ಟಿಕೊಡುವ ಕೆಲಸ ಶುರುಮಾಡಿ ಆರು ವರ್ಷವಾಗಿತ್ತು. ವೇಲಚೇರಿಯ ಆ ಫ್ಲ್ಯಾಟಿನ ಎರಡನೆಯ ಬೆಡ್‌ರೂಮು ಅವಳ ಕೆಲಸದ ಕೋಣೆ. ಆ ಕೋಣೆ ತುಂಬಿ, ಹಾಲಿಗೆ ಹರಿದು, ಡಿಸೆಂಬರಿನಲ್ಲಿ ವೇಲಚೇರಿಯ ಬೀದಿಗೆ ನೀರು ಏರುವ ಹಾಗೆ ದಿನಕ್ಕಿಷ್ಟು ಏರುತ್ತ, ಈಗ ಅಡುಗೆಮನೆಯ ಹೊಸಿಲಿಗೆ ಬಂದು ನಿಂತಿತ್ತು.

ಇದೆಲ್ಲ ಭೋಜರಾಜರಿಗೆ ಮೊದಲು ಗೊತ್ತೇ ಇರಲಿಲ್ಲ. ಅವರಿಗೆ ಕೂರಲು ಬೇರೆ ಜಾಗವಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಬ್ರಹ್ಮಾವರದಿಂದ ಚೆನ್ನೈಗೆ ಬಂದವರು, ಮೈಲಾಪುರದ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಲೋಟ ತೊಳೆದು, ಆಮೇಲೆ ಸಪ್ಲೈ ಮಾಡಿ, ಕೊನೆಗೆ ಗಲ್ಲಾದ ಹಿಂದಿನ ಎತ್ತರದ ಕುರ್ಚಿ ಹತ್ತಿದವರು ಅಲ್ಲಿಂದ ಇಳಿದಿರಲಿಲ್ಲ. ಒಟ್ಟು ನಲವತ್ತೆರಡು ವರ್ಷ. ನಾಲ್ಕು ತಿಂಗಳ ಹಿಂದೆ ಧಣಿಗಳ ಮಕ್ಕಳು ಹೋಟೆಲು ಮುಚ್ಚಿ ಜಾಗವನ್ನು ಮೊಬೈಲು ಅಂಗಡಿಗೆ ಕೊಟ್ಟರು. ಕುರ್ಚಿ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಭೋಜರಾಜರು ಮನೆಗೆ ಬಂದರು. ಬಂದು ನೋಡಿದರೆ ಸ್ವಂತ ಮನೆಯಲ್ಲಿ ಕೂರಲು ಜಾಗವಿಲ್ಲ.

ಅವರೇನು ದೊಡ್ಡದು ಕೇಳಲಿಲ್ಲ. ಆ ಕೋಣೆಯ ಕಿಟಕಿಯ ಮೂಲೆ, ಅಷ್ಟೇ. ಅಲ್ಲಿಂದ ಒಂದು ಬೇವಿನ ಮರ, ಅದರ ಕೆಳಗೆ ಸಾಯಂಕಾಲ ನಿಲ್ಲುವ ಇಡ್ಲಿ ಗಾಡಿ ಕಾಣುತ್ತಿತ್ತು. ತಮ್ಮ ಕ್ಯಾನ್ವಾಸಿನ ಆರಾಮ ಕುರ್ಚಿ ಹಾಕಿಕೊಂಡು, ಗಾಡಿಗೆ ಯಾರು ಬಂದರು, ಯಾರು ಚಟ್ನಿ ಎರಡನೇ ಸಲ ಕೇಳಿದರು ಎಂದು ನೋಡುತ್ತ ಕೂತರೆ ಉಳಿದ ಆಯುಷ್ಯ ಹೇಗೋ ಕಳೆದೀತು ಎಂದುಕೊಂಡಿದ್ದರು. ಕುರ್ಚಿಯೇನೋ ಬಾಲ್ಕನಿಯಲ್ಲಿ ವಾಷಿಂಗ್ ಮಶೀನಿನ ಹಿಂದೆ ಮಡಚಿಕೊಂಡಿತ್ತು. ಮೂಲೆಯಲ್ಲಿ ಮಾತ್ರ ನೂಲು ತುಂಬಿದ ಒಂಬತ್ತು ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು. ಅವುಗಳಿಗೆ ಯಾರೂ ಏಳಿ ಎನ್ನುತ್ತಿರಲಿಲ್ಲ.

"ಇವತ್ತು ಶುಕ್ರವಾರ ಅಲ್ವಾ? ಪಲ್ಲಾವರಂ ಸಂತೆ ಉಂಟು," ಎಂದಳು ಸುಮತಿ, ನೂಲು ಸುತ್ತುತ್ತ. "ಸಾಯಂಕಾಲ ಐದಕ್ಕೆ ಬೆಸೆಂಟ್ ನಗರದ ಲೇಡೀಸ್ ಕ್ಲಬ್ಬಿನವರು ಕೋಣೆ ನೋಡ್ಲಿಕ್ಕೆ ಬರ್ತಾರೆ. ಕುಚ್ಚಿನ ಕ್ಲಾಸು ನನಗೆ ಕೊಡುದಾ ಬೇಡ್ವಾ ಅಂತ ಇವತ್ತೇ ತೀರ್ಮಾನ. ಕೋಣೆ ಹೀಗೆ ಗೋಡೌನ್ ಹಾಗೆ ಇದ್ರೆ ಯಾರು ಕೊಡ್ತಾರೆ? ಹಳೇ ಕಾಲದ ಚಂದದ ಸಾಮಾನು ತಂದು ಅದರಲ್ಲೇ ಎಲ್ಲ ಜೋಡಿಸು ಅಂತ ಶ್ರೀಯಾ ಹೇಳಿದ್ದಾಳೆ. ವಿಂಟೇಜ್ ಲುಕ್ ಅಂತೆ."

ಶ್ರೀಯಾ ಅವರ ಮಗಳು. ಕೊಯಮತ್ತೂರಿನಲ್ಲಿ ಕೆಲಸಕ್ಕಿದ್ದಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಹೇಳಿ ಇಂಗ್ಲಿಷಿನಲ್ಲಿ ಫೋನಿಡುವ ಹುಡುಗಿ. ಅವಳು ಕಳಿಸಿದ ಫೋಟೋಗಳನ್ನು ಸುಮತಿ ತೋರಿಸಿದಳು. ಯಾರದೋ ಮನೆಯ ಕೋಣೆ. ಹಳೇ ಟ್ರಂಕಿನಲ್ಲಿ ಬಟ್ಟೆ, ಚಹಾದಂಗಡಿಯ ಬಿಸ್ಕತ್ತಿನ ಭರಣಿಯಲ್ಲಿ ಮಣಿ, ಹಿತ್ತಾಳೆಯ ಟಿಫಿನ್ ಕ್ಯಾರಿಯರಿನಲ್ಲಿ ಗುಂಡಿಗಳು.

"ನೂಲು, ಜರಿ, ಮಣಿ ಎಲ್ಲ ಒಂದರೊಳಗೇ ಹಿಡಿಸ್ಬೇಕು. ಮೇಲೆ ಗಾಜಿದ್ರೆ ಒಳ್ಳೇದು, ಬಣ್ಣ ಕಾಣ್ತದೆ. ಅಂಥದ್ದೊಂದು ತಂದ್ರೆ ಕಿಟಕಿ ಮೂಲೆ ನಿಮಗೆ. ಮತ್ತೆ ನಿಮ್ಮನ್ನು ಏಳಿ ಅಂತ ನಾನು ಹೇಳುದಿಲ್ಲ."

"ಆಣೆ?"

"ಕೊಲ್ಲೂರು ಅಮ್ಮನಾಣೆ. ನಾನು ಜರಿ, ಮಣಿ ತರ್ಲಿಕ್ಕೆ ಸೌಕಾರ್‌ಪೇಟೆಗೆ ಹೋಗ್ತೇನೆ. ಬರುವಾಗ ಮೂರೂವರೆ ಆಗ್ತದೆ. ಅಷ್ಟರೊಳಗೆ ತಂದು ಇಟ್ಟಿರ್ಬೇಕು ಮತ್ತೆ!"

ಭೋಜರಾಜರು ತಲೆಗೊಂದು ಬಿಳಿ ಟವೆಲ್ಲು ಸುತ್ತಿಕೊಂಡು ಹೊರಟರು.

ಪಲ್ಲಾವರಂ ಸಂತೆಯಲ್ಲಿ ಸಿಗದ ವಸ್ತು ಇಲ್ಲ, ಸರಿಯಾಗಿರುವ ವಸ್ತುವೂ ಇಲ್ಲ. ಹಳೇ ಟ್ರಂಕ್ ರಸ್ತೆಯ ಉದ್ದಕ್ಕೂ ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ ಲೋಕದ ಎಲ್ಲ ಮನೆಗಳ ಅಟ್ಟವನ್ನೂ ತಂದು ಸುರಿದಿದ್ದರು. ನಲ್ಲಿ, ಬೀಗ, ಕೊಳವೆ ಕಳಚಿದ ಗ್ರಾಮಫೋನು, ಮುಳ್ಳಿಲ್ಲದ ಗಡಿಯಾರ, ಯಾರದೋ ಅಜ್ಜನ ಹಲ್ಲಿನ ಸೆಟ್ಟು. ಭೋಜರಾಜರು ಎಲ್ಲವನ್ನೂ ಹೋಟೆಲಿನ ಕಣ್ಣಿನಿಂದಲೇ ನೋಡಿದರು. ಟ್ರಂಕಿಗೆ ತುಕ್ಕು. ಔಷಧದಂಗಡಿಯ ಹಳೇ ಖಾನೆಗಳ ಕಪಾಟು ಚಂದವಿತ್ತು, ಆದರೆ ಮುಟ್ಟಿದ ಕಡೆಯೆಲ್ಲ ಗೆದ್ದಲ ಹುಡಿ. ಭರಣಿಗಳಿಗೆ ಮುಚ್ಚಳವಿಲ್ಲ. ಬಿಸಿಲು ಏರಿತು, ಧೂಳು ಮೂಗಿಗೆ ಹೊಕ್ಕು ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯತೊಡಗಿತು. ಕಿಟಕಿಯ ಮೂಲೆ ಕೈತಪ್ಪಿದ ಹಾಗೇ ಎಂದು ಅವರಿಗೆ ಖಾತ್ರಿಯಾಗುವ ಹೊತ್ತಿಗೆ, ಒಂದು ರಾಶಿ ಹಳೇ ಬಾಗಿಲುಗಳ ಹಿಂದೆ ಅದು ಕಂಡಿತು.

ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲದ ಪೆಟ್ಟಿಗೆ. ಬರ್ಮಾ ತೇಗ, ಮುಟ್ಟಿದರೆ ಕೈಗೆ ತಂಪು. ಮೇಲೆ ಮರದ ಚೌಕಟ್ಟಿನಲ್ಲಿ ದಪ್ಪ ಗಾಜಿನ ಮುಚ್ಚಳ. ಒಳಗೆ ಪೂರ್ತಿ ಸತುವಿನ ತಗಡು. ಎರಡು ಬದಿಗೂ ಎತ್ತಲು ಹಿತ್ತಾಳೆಯ ಬಳೆಗಳು. ಒಂದು ತುದಿಯಲ್ಲಿ, ಕೆಳಗೆ, ನೀರು ಹೋಗಲು ಪುಟ್ಟ ನಲ್ಲಿ.

ಭೋಜರಾಜರ ಎದೆ ಹಿಗ್ಗಿತು. ಒಂದೇ ನೋಟಕ್ಕೆ ಅವರಿಗೆ ಗೊತ್ತಾಗಿಹೋಯಿತು: ಇದು ಫ್ರಿಜ್ಜು ಬರುವ ಮೊದಲು ಹೋಟೆಲಿನಲ್ಲಿ ಇರುತ್ತಿದ್ದ ಐಸ್ ಪೆಟ್ಟಿಗೆ. ಅವರು ಕೆಲಸಕ್ಕೆ ಸೇರಿದಾಗ ದೊಡ್ಡ ಧಣಿಗಳ ಕಾಲದ್ದು ಒಂದು ಹಿಂದಿನ ಕೋಣೆಯಲ್ಲಿ ಬಿದ್ದಿತ್ತು. ಅಡಿಗೆ ಐಸ್ ಹಾಕಿ, ಮೇಲೆ ಬಾದಾಮಿ ಹಾಲು, ಮೊಸರಿನ ಪಾತ್ರೆ ಇಡುತ್ತಿದ್ದರಂತೆ. ಅದು ಇದರ ಅರ್ಧವೂ ಇರಲಿಲ್ಲ. ಇಷ್ಟುದ್ದದ್ದು ಇಡಬೇಕಾದರೆ ಅದೆಷ್ಟು ದೊಡ್ಡ ಹೋಟೆಲಾಗಿರಬೇಕು, ಅದೂ ಮುಚ್ಚಿಹೋಯಿತಲ್ಲ ಎಂದು ಅವರಿಗೆ ಸಂಕಟವೂ ಆಯಿತು.

ಬಿಳಿ ಮೀಸೆಯ ವ್ಯಾಪಾರಿ ಹತ್ತಿರ ಬಂದ. "ಸಾರ್, ಇದು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡ್ತೀನಿ. ಆಮೇಲೆ ಮನೇಲಿ ಬೈದರು ಅಂತ ವಾಪಸ್ ತರಬಾರದು," ಎಂದ ತಮಿಳಿನಲ್ಲಿ.

ಭೋಜರಾಜರು ಕೈ ಅಡ್ಡ ಹಿಡಿದರು. "ನನಗೆ ಹೇಳ್ತೀಯೇನಪ್ಪಾ? ನಲವತ್ತೆರಡು ವರ್ಷ ಇದೇ ಲೈನಿನಲ್ಲಿ ಇದ್ದವ ನಾನು."

ವ್ಯಾಪಾರಿಯ ಮುಖವೇ ಬದಲಾಯಿತು. ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಓ, ನೀವೂ ನಮ್ಮವರೇನಾ? ಎಲ್ಲಿ ಸಾರ್?"

"ಮೈಲಾಪುರ. ನಮ್ಮಲ್ಲಿಗೆ ಒಮ್ಮೆ ಬಂದವರು ಬೇರೆ ಕಡೆ ಹೋದದ್ದೇ ಇಲ್ಲ."

"ಅದು ಹೇಗೆ ಹೋಗ್ತಾರೆ," ಎಂದು ವ್ಯಾಪಾರಿ ಒಪ್ಪಿಕೊಂಡ. "ದಿನಕ್ಕೆ ಎಷ್ಟು ಜನ ಆಗ್ತಿತ್ತು ಸಾರ್?"

"ಮಾಮೂಲಿ ದಿನ ಆರುನೂರು. ಭಾನುವಾರ ಸಾವಿರ. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೊರಗೆ ಸಾಲು ನಿಂತಿರ್ತಿತ್ತು."

ವ್ಯಾಪಾರಿ ಒಂದು ಹೆಜ್ಜೆ ಹಿಂದೆ ಸರಿದ. ನಿಮ್ಮಂಥ ದೊಡ್ಡವರ ಹತ್ತಿರ ನಾನು ಚೌಕಾಸಿ ಮಾಡುವುದೇ ಎಂದು ಕೇಳಿದ ರೇಟಿಗೇ ಕೊಟ್ಟುಬಿಟ್ಟ. ತನ್ನ ನಂಬರನ್ನೂ ಬರೆದುಕೊಟ್ಟು, ಮರವನ್ನು ಪ್ರೀತಿಯಿಂದ ತಟ್ಟಿ ಹೇಳಿದ: "ಗಟ್ಟಿ ಮಾಲು ಸಾರ್. ಇದರಲ್ಲಿ ಇಟ್ಟವರು ಇದುವರೆಗೆ ಒಂದು ಕಂಪ್ಲೇಂಟು ಹೇಳಿಲ್ಲ."

ಇಷ್ಟಾದ ಮೇಲೂ ಅರ್ಥವಾಗದಿದ್ದರೆ ಅದು ಭೋಜರಾಜರ ತಪ್ಪಲ್ಲ, ಹೋಟೆಲ್ ಲೈನಿನ ತಪ್ಪು. ಆ ಲೈನಿನವರಿಗೆ ಲೋಕದಲ್ಲಿ ಕಾಣುವುದೆಲ್ಲ ಒಂದೋ ತಿಂಡಿ, ಇಲ್ಲ ತಿಂಡಿ ಇಡುವ ಪಾತ್ರೆ.

ಚೆನ್ನೈಯವರು ಕುಟ್ಟಿ ಯಾನೈ ಎನ್ನುವ ಪುಟ್ಟ ಲಾರಿಯೊಂದು ಸಿಕ್ಕಿತು. ಡ್ರೈವರು ಪೆಟ್ಟಿಗೆ ನೋಡಿದವನೇ ಗಟ್ಟಿಯಾಗಿ ಹಾಡುತ್ತಿದ್ದ ರೇಡಿಯೋ ಆರಿಸಿದ. ಗಾಜು ಅಲುಗಾಡೀತೆಂದು ಭೋಜರಾಜರು ಮುಂದೆ ಕೂರದೆ ಹಿಂದೆ ಪೆಟ್ಟಿಗೆಯ ಪಕ್ಕದಲ್ಲೇ, ತಲೆಗೆ ಟವೆಲ್ಲು ಹೊದ್ದು, ಮುಚ್ಚಳದ ಮೇಲೆ ಕೈಯಿಟ್ಟು ಕೂತರು. ಧೂಳಿಗೆ ಕಣ್ಣೀರು ಇಳಿಯುತ್ತಲೇ ಇತ್ತು. ದಾರಿಯುದ್ದಕ್ಕೂ ಒಂದು ವಿಚಿತ್ರ ನಡೆಯಿತು. ಹಾರ್ನು ಹೊಡೆಯದೆ ಉಸಿರಾಡಲು ಬಾರದ ಬೈಕಿನವರು ಸುಮ್ಮನೆ ಪಕ್ಕಕ್ಕೆ ಸರಿದರು. ಇಬ್ಬರು ಚಪ್ಪಲಿ ಕಳಚಿ ನಿಂತರು. ಸಿಗ್ನಲ್ಲಿನಲ್ಲಿ ಪೊಲೀಸಿನವನು ಉಳಿದವರನ್ನು ತಡೆದು ಇವರನ್ನು ಬಿಟ್ಟ. ಹಳೇ ಸಾಮಾನಿಗೆ ಈ ಊರಿನಲ್ಲಿ ಎಷ್ಟು ಮರ್ಯಾದೆ ಎಂದು ಭೋಜರಾಜರಿಗೆ ಬೆರಗಾಯಿತು. ಹಳೇ ಹೋಟೆಲಿಗೂ ಇಷ್ಟು ಕೊಟ್ಟಿದ್ದರೆ ಮುಚ್ಚುತ್ತಿರಲಿಲ್ಲ ಎಂದೂ ಅನಿಸಿತು.

ಲಾರಿ ಗೇಟಿಗೆ ಬಂದಾಗ ಒಂದು ಗಂಟೆ. ವಾಚ್‌ಮನ್ ಮುನುಸಾಮಿ ಪೆಟ್ಟಿಗೆ ನೋಡಿದ, ಅದರ ಪಕ್ಕ ಕಣ್ಣೊರೆಸಿಕೊಳ್ಳುತ್ತಿದ್ದ ಭೋಜರಾಜರನ್ನು ನೋಡಿದ, ಸೀಟಿ ಬಾಯಿಂದ ತೆಗೆದು ಸೆಕ್ರೆಟರಿಯನ್ನು ಕರೆಯಲು ಓಡಿದ.

ಅಸೋಸಿಯೇಷನ್ ಸೆಕ್ರೆಟರಿ ತಿರುನಾವುಕ್ಕರಸು ನಿವೃತ್ತರು. ನಾಲ್ಕು ವರ್ಷದಿಂದ ಆ ಪದವಿಯಲ್ಲಿದ್ದರೂ ನೀರಿನ ಟ್ಯಾಂಕರು ಕರೆಸುವುದು ಬಿಟ್ಟರೆ ಅವರ ಸಾಮರ್ಥ್ಯಕ್ಕೆ ತಕ್ಕ ಕೆಲಸವೇ ಬಂದಿರಲಿಲ್ಲ. ಅವರು ಇಳಿದು ಬಂದು ಭೋಜರಾಜರ ಎರಡೂ ಕೈ ಹಿಡಿದುಕೊಂಡರು.

"ಬೋಜರಾಜ್ ಸಾರ್... ಇದು ಮೇಡಂಗಾ?"

"ಹೌದು ಸಾರ್, ಸುಮತಿಗೇ," ಎಂದರು ಭೋಜರಾಜರು ಮೂಗೆಳೆಯುತ್ತ. ಧೂಳಿಗೆ ಗಂಟಲು ಕಟ್ಟಿತ್ತು. "ಐದು ಗಂಟೆಯೊಳಗೆ ಎಲ್ಲ ಮುಗಿಸಬೇಕು. ಬೆಸೆಂಟ್ ನಗರದವರು ಕಾಯುವುದಿಲ್ಲ."

ಬೆಸೆಂಟ್ ನಗರದ ಸ್ಮಶಾನ ಚೆನ್ನೈಯಲ್ಲಿ ಯಾರಿಗೆ ಗೊತ್ತಿಲ್ಲ? ಸೆಕ್ರೆಟರಿಯ ಮನಸ್ಸಿನಲ್ಲಿ ಉಳಿದಿದ್ದ ಅನುಮಾನವೂ ಹೋಯಿತು.

"ಇದ್ದಕ್ಕಿದ್ದ ಹಾಗೆ ಹೇಗಾಯಿತು ಸಾರ್?"

"ಇದ್ದಕ್ಕಿದ್ದ ಹಾಗೆ ಎಲ್ಲಿ ಸಾರ್? ಆರು ವರ್ಷದಿಂದ ಇದ್ದದ್ದೇ. ಮೊದಲು ಒಂದು ಮೂಲೆಯಲ್ಲಿತ್ತು. ಆಮೇಲೆ ಎಲ್ಲ ಕಡೆ ಹರಡಿಬಿಟ್ಟಿತು. ನಾನು ನೋಡ್ತಾನೇ ಇದ್ದೆ, ಏನೂ ಮಾಡ್ಲಿಕ್ಕೆ ಆಗಲಿಲ್ಲ."

"ಹೊರಗೆ ಒಂದು ಮಾತು ಹೇಳದೆ ಒಳಗೇ ಇಟ್ಟುಕೊಂಡಿರಲ್ಲ ಸಾರ್!" ಎಂದು ಸೆಕ್ರೆಟರಿ ಕಣ್ಣೀರು ಹಾಕಿದರು. ಹಾಕುತ್ತಲೇ, ದೇಹ ಇನ್ನು ಆಸ್ಪತ್ರೆಯಿಂದ ಬರಬೇಕು ಎಂದು ತಾವೇ ಊಹಿಸಿಕೊಂಡು, ಫೋನು ತೆಗೆದು ಅಪಾರ್ಟ್‌ಮೆಂಟಿನ ಗ್ರೂಪಿಗೆ ಬರೆದರು. ನೀವು ಮೇಲೆ ಹೋಗಿ ಸಾರ್, ಉಳಿದದ್ದು ನನಗೆ ಬಿಡಿ ಎಂದು ಭುಜ ತಟ್ಟಿದರು. ನಾಲ್ಕು ವರ್ಷ ಕಾದ ಮನುಷ್ಯ ಅವರು.

ಪೆಟ್ಟಿಗೆ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಕೇಳದೆಯೇ ಆರು ಜನ ಗಂಡಸರು ಬಂದು, ಚಪ್ಪಲಿ ಕಳಚಿಟ್ಟು, ಹೆಗಲು ಕೊಟ್ಟು ಎರಡನೇ ಮಹಡಿಗೆ ಹೊತ್ತರು. ವಾಷಿಂಗ್ ಮಶೀನು ಬಂದಾಗ ಇದೇ ಜನ ಬಾಗಿಲು ಹಾಕಿಕೊಂಡಿದ್ದರು. ಭೋಜರಾಜರು ಬೀಗ ತೆಗೆದು ಸುಮತಿಯ ಕೋಣೆ ತೋರಿಸಿದರು. ಎದುರು ಗೋಡೆಗೆ ಒರಗಿಸಿ ಇಡಿ ಎಂದರೆ ಯಾರೂ ಕೇಳಲಿಲ್ಲ. ತಲೆ ದಕ್ಷಿಣಕ್ಕೇ ಇರಬೇಕು ಎಂದು ಸೆಕ್ರೆಟರಿ ಹಟ ಹಿಡಿದರು. ಪೆಟ್ಟಿಗೆಗೆ ಎಂಥ ತಲೆ ಎಂದು ಭೋಜರಾಜರಿಗೆ ತಿಳಿಯಲಿಲ್ಲ, ಇದೂ ಏನೋ ವಾಸ್ತು ಇರಬೇಕು ಎಂದುಕೊಂಡರು. ಒಂಬತ್ತು ರಟ್ಟಿನ ಪೆಟ್ಟಿಗೆಗಳನ್ನು ಯಾರೋ ಮಲಗುವ ಕೋಣೆಗೆ ಸಾಗಿಸಿದರು. ಆರೂವರೆ ಅಡಿಯ ಪೆಟ್ಟಿಗೆ ಹೋಗಿ ನೇರ ಕಿಟಕಿಯ ಮೂಲೆಯಲ್ಲಿ ಕೂತಿತು.

"ಅಯ್ಯೋ, ಅಲ್ಲಿ ಬೇಡ ಸಾರ್! ಆ ಮೂಲೆ ನನಗೆ ಅಂತ ಮಾತಾಗಿದೆ," ಎಂದು ಭೋಜರಾಜರು ಕೂಗಿದರು.

ಸೆಕ್ರೆಟರಿ ಅವರನ್ನು ತಬ್ಬಿಕೊಂಡರು. "ಹಾಗೆಲ್ಲ ಮಾತಾಡಬೇಡಿ ಸಾರ್. ನಿಮಗಿನ್ನೂ ಟೈಮ್ ಇದೆ."

ಎದುರು ಫ್ಲ್ಯಾಟಿನ ವೈದೇಹಿ ಮಾಮಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. "ನಿನ್ನೆ ಸಾಯಂಕಾಲ ಕೂಡ ಎಷ್ಟು ಚೆನ್ನಾಗಿ ಮಾತಾಡ್ತಿದ್ದಳು," ಎಂದರು.

"ನಿನ್ನೆ ಭಾರೀ ಮಾತಾಡಿದಳು ಮಾಮಿ," ಎಂದರು ಭೋಜರಾಜರು ನಿಟ್ಟುಸಿರು ಬಿಟ್ಟು. "ಅದಕ್ಕೇ ಇವತ್ತು ಇದೆಲ್ಲ ಮಾಡಬೇಕಾಯಿತು."

ಮಾಮಿ ಎರಡು ಹೆಜ್ಜೆ ಹಿಂದೆ ಹೋದರು.

ಮೂರು ಗಂಟೆಯ ಹೊತ್ತಿಗೆ ಭೋಜರಾಜರು ಕೆಳಗಿಣುಕಿ ನೋಡಿದರೆ ಗೇಟಿನ ಒಳಗೆ ಬಣ್ಣದ ಶಾಮಿಯಾನ ಎದ್ದಿತ್ತು. ನಲವತ್ತು ಪ್ಲಾಸ್ಟಿಕ್ ಕುರ್ಚಿ. ಎಲ್ಲದರಲ್ಲೂ ಜನ. ಕ್ಲಬ್ಬಿನ ನಾಲ್ಕು ಹೆಂಗಸರನ್ನು ಬರಮಾಡಿಕೊಳ್ಳಲು ಇಷ್ಟೆಲ್ಲ ಯಾಕೆ ಎಂದು ಅವರಿಗೆ ಗಾಬರಿಯಾಯಿತು. ಆದರೆ ಸಾಲು ಕುರ್ಚಿಯಲ್ಲಿ ತುಂಬಿ ಕೂತ ಜನರನ್ನು ನೋಡಿ ನಾಲ್ಕು ತಿಂಗಳಿನಿಂದ ಸುಮ್ಮನಿದ್ದ ಒಳಗಿನ ಹೋಟೆಲು ಎದ್ದು ಕೂತಿತು. ಕೆಳಗಿಳಿದು ಒಂದೊಂದು ಸಾಲಿಗೂ ಹೋಗಿ, "ಕಾಫಿ ಆಯಿತಾ? ಸಕ್ಕರೆ ಸರಿ ಇತ್ತಾ?" ಎಂದು ವಿಚಾರಿಸಿದರು. ಇಂಥ ಹೊತ್ತಿನಲ್ಲೂ ನಮ್ಮ ಕಾಫಿ ವಿಚಾರಿಸುತ್ತಾರಲ್ಲ, ಎಂಥ ಮನುಷ್ಯ ಎಂದು ಜನ ಮರುಗಿದರು. ಭೋಜರಾಜರಿಗೆ ಮಾತ್ರ ಆ ಹತ್ತು ನಿಮಿಷ ನಿಜವಾಗಿ ಸುಖವಾಗಿತ್ತು. ಆಮೇಲೆ ಪೆಟ್ಟಿಗೆಯ ಒಳಗನ್ನು ಒರೆಸುವುದು ಬಾಕಿಯಿದೆ ಎಂದು ನೆನಪಾಗಿ ಮತ್ತೆ ಮೇಲೆ ಹೋದರು.

ಸರಿಯಾಗಿ ಮೂರೂವರೆಗೆ ಎರಡು ಒಟ್ಟಿಗೆ ಆದವು. ಸೈಕಲ್ ಗಾಡಿಯಲ್ಲಿ ಹೊಟ್ಟಿನ ಗೋಣಿ ಹೊದೆಸಿದ ನಾಲ್ಕು ದೊಡ್ಡ ಐಸ್ ಗಡ್ಡೆಗಳು ಬಂದು ಗೇಟಿನಲ್ಲಿ ನಿಂತವು. ಅದರ ಹಿಂದೆಯೇ ಆಟೋ ಒಂದು ನಿಂತು, ಎರಡೂ ಕೈಯಲ್ಲಿ ಚೀಲ ಹಿಡಿದ ಸುಮತಿ ಇಳಿದಳು.

ಶಾಮಿಯಾನ ಕಂಡಳು. ಮೂಲೆಯಲ್ಲಿಟ್ಟ ಹಾರ ಕಂಡಳು. ಐಸ್ ಕಂಡಳು. ಗೇಟಿನ ಪಕ್ಕದ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ತಮ್ಮ ಫ್ಲ್ಯಾಟಿನ ನಂಬರು ಬರೆದಿತ್ತು. ಬೆಳಿಗ್ಗೆ ಗಂಡನನ್ನು ಬಿಸಿಲಿಗೆ ಅಟ್ಟಿದವಳು ತಾನು.

ಚೀಲ ಎರಡೂ ಕೈಯಿಂದ ಜಾರಿ ಮಣಿಗಳು ನೆಲದ ಮೇಲೆ ಉರುಳಿದವು.

"ಅಯ್ಯೋ ದೇವರೇ! ನಾನೇ ಕಳಿಸಿದ್ದಲ್ಲಾ! ಆ ಬಿಸಿಲಿಗೆ ನಾನೇ ಕಳಿಸಿದ್ದಲ್ಲಾ!" ಎಂದು ಕುಸಿದು ಕೂತಳು. "ನಾಲ್ಕು ತಿಂಗಳು ಒಂದು ಗಳಿಗೆ ಕೂತ್ಕೊಳ್ಲಿಕ್ಕೆ ಬಿಡ್ಲಿಲ್ಲ ನಾನು! ಏಳಿ, ಏಳಿ ಅಂತ ಜೀವ ತಿಂದೆ! ಇನ್ನು ಹೇಳುದಿಲ್ಲ ಮಾರಾಯ್ರೇ, ಇನ್ನೊಮ್ಮೆ ಹೇಳುದಿಲ್ಲ, ಇದೊಂದು ಸಲ ಏಳಿ! ಕಿಟಕಿ ಮೂಲೆ ಎಂತ, ಇಡೀ ಕೋಣೆ ನೀವೇ ಇಟ್ಕೊಳ್ಳಿ!"

ಕನ್ನಡ ಬಾರದವರಿಗೂ ಆ ಅಳುವಿನ ಅರ್ಥ ತಿಳಿಯುತ್ತಿತ್ತು. ಆದರೆ ಯಾರೂ ಹತ್ತಿರ ಹೋಗಲಿಲ್ಲ. ಸತ್ತವಳೇ ಆಟೋದಲ್ಲಿ ಬಂದು ತನ್ನ ಸಾವಿಗೆ ಅಳುತ್ತಿರುವುದನ್ನು ನೋಡಿ ಮುಂದಿನ ಸಾಲು ಕುರ್ಚಿ ಸಮೇತ ಹಿಂದೆ ಸರಿಯಿತು. ಮುನುಸಾಮಿ ಗೇಟು ಬಿಟ್ಟು ಓಡಿದ.

ಎರಡನೇ ಮಹಡಿಯಲ್ಲಿ, ಪೆಟ್ಟಿಗೆಯ ಪಕ್ಕ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಭೋಜರಾಜರ ಕಿವಿಗೆ ಇದೆಲ್ಲ ಬಿತ್ತು. ಯಾಕೆ ಅಳುತ್ತಾಳೆ ಎಂದು ತಿಳಿಯಲಿಲ್ಲ. ಕೊನೆಯ ಮಾತು ಮಾತ್ರ ಸ್ಪಷ್ಟವಾಗಿ ಕೇಳಿತ್ತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದರು:

"ಸುಮತೀ! ಈಗ ಹೇಳಿದ್ದು ಸತ್ಯವಾ? ಹಾಗಾದ್ರೆ ಕುರ್ಚಿ ಹಾಕ್ತೇನೆ!"

ಸುಮತಿ ತಲೆಯೆತ್ತಿ ನೋಡಿದಳು. ಅರ್ಧ ನಿಮಿಷ ನೋಡುತ್ತಲೇ ಇದ್ದಳು. ಇಡೀ ಕೋಣೆಗೆ ಭೋಜರಾಜರು ಒಡೆಯರಾಗಿದ್ದದ್ದು ಆ ಅರ್ಧ ನಿಮಿಷ ಮಾತ್ರ.

"ಇದೆಂಥ ಸಾವು ಮಾರಾಯ್ರೇ ನಿಮ್ಮದು!" ಎಂದು ಅವಳು ಎದ್ದ ರಭಸಕ್ಕೆ ಐಸ್ ಗಾಡಿಯವನೂ ದಾರಿ ಬಿಟ್ಟ.

ಆಮೇಲೆ ಎಲ್ಲರೂ ಮೇಲೆ ಬಂದರು. ಸುಮತಿ, ಸೆಕ್ರೆಟರಿ, ಮಾಮಿ, ಹೊತ್ತ ಆರು ಜನ. ತನಗೇನೂ ಆಗಿಲ್ಲ ಎಂದು ಸುಮತಿ ನಾಲ್ಕು ಸಲ ಹೇಳಬೇಕಾಯಿತು. ಸೆಕ್ರೆಟರಿಗೆ ಸಮಾಧಾನಕ್ಕಿಂತ ಬೇಸರವೇ ಹೆಚ್ಚಾದಂತೆ ಕಂಡಿತು.

"ಮತ್ತೆ ಈ ಪೆಟ್ಟಿಗೆ ಯಾಕೆ ತಂದಿರಿ ಸಾರ್?" ಎಂದರು.

"ಹೋಟೆಲಿನ ಐಸ್ ಪೆಟ್ಟಿಗೆ ಅಲ್ವಾ ಇದು? ಬಾದಾಮಿ ಹಾಲು ಇಡುವಂಥದ್ದು. ಇವಳ ನೂಲು ಇಡಲಿಕ್ಕೆ ಅಂತ ತಂದೆ."

ಮಾಮಿ ನಿಧಾನವಾಗಿ ತಲೆಯಾಡಿಸಿದರು. "ಟ್ರಿಪ್ಲಿಕೇನಿನಲ್ಲಿ ನಮ್ಮ ಮಾವ ಹೋದಾಗ ಇದೇ ಥರದ್ದು ತಂದಿದ್ದರು. ಈಗಿನ ಹಾಗೆ ಕರೆಂಟಿನ ಪೆಟ್ಟಿಗೆ ಆಗ ಎಲ್ಲಿತ್ತು? ದೂರದೂರಿನ ಮಕ್ಕಳು ಬರುವ ತನಕ ಅಡಿಯಲ್ಲಿ ಐಸ್ ಹಾಕಿ, ಮೇಲೆ ಅವರನ್ನು ಮಲಗಿಸಿದ್ದರು. ಆ ನಲ್ಲಿ ಐಸ್ ಕರಗಿದ ನೀರಿಗೆ."

ಭೋಜರಾಜರು ಆ ಪೆಟ್ಟಿಗೆಯನ್ನು ಉದ್ದಕ್ಕೂ ನೋಡಿದರು. ಆರೂವರೆ ಅಡಿ. ವ್ಯಾಪಾರಿಯ ಒಂದೊಂದು ಮಾತೂ ಹಿಂದಕ್ಕೆ ಬಂತು. ಭಾನುವಾರ ಸಾವಿರ ಎಂದು ತಾನೇ ಹೇಳಿದ್ದು ನೆನಪಾಗಿ ಸುತ್ತಲೂ ನೋಡಿದರು. ಕೂರೋಣವೆಂದರೆ ಜಾಗವಿರಲಿಲ್ಲ.

"ಮದುಮಗಳು ಉಡುವ ಸೀರೆಯ ನೂಲು ಇದರಲ್ಲಿ ಇಡುದಾ?" ಎಂದಳು ಸುಮತಿ. ಸಿಟ್ಟು ಮಾಡುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ಗೊತ್ತಾದ್ರೆ ಯಾರಾದ್ರೂ ಮತ್ತೆ ಸೀರೆ ಕೊಡ್ತಾರಾ? ಈಗಲೇ ಕೊಂಡುಹೋಗಿ ವಾಪಸ್ ಮಾಡಿ."

ಆಗಲೇ ಅವಳ ಫೋನು ಸದ್ದು ಮಾಡಿತು. ಕ್ಲಬ್ಬಿನ ಪ್ರಣಮ್ಯಾ ಮೇಡಂ ಬರೆದಿದ್ದರು: ಸ್ವಲ್ಪ ಬೇಗನೇ ಬಂದಿದ್ದೆವು, ಗೇಟಿನಲ್ಲಿ ಶಾಮಿಯಾನ ನೋಡಿ ಕಾರು ತಿರುಗಿಸಿದೆವು, ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ, ಕ್ಲಾಸಿನ ಚಿಂತೆ ನಿಮಗೆ ಬೇಡ, ಅಡ್ಯಾರಿನ ಒಬ್ಬರಿಗೆ ಕೊಟ್ಟಿದ್ದೇವೆ. ಸುಮತಿ ಓದಿ ಫೋನನ್ನು ಮಗುಚಿ ಇಟ್ಟಳು. ಅವಳು ಬೈದಿದ್ದರೆ ಭೋಜರಾಜರಿಗೆ ಹಿತವಾಗುತ್ತಿತ್ತು.

ಅವರು ವ್ಯಾಪಾರಿಗೆ ಫೋನು ಹಚ್ಚಿದರು. ಎಲ್ಲರಿಗೂ ಕೇಳಲೆಂದು ಸೆಕ್ರೆಟರಿ ಸ್ಪೀಕರ್ ಒತ್ತಿದರು.

"ವಾಪಸ್ಸಾ?" ಎಂದ ವ್ಯಾಪಾರಿ ದಿಗಿಲು ಬಿದ್ದು. "ಏನು ಸಾರ್, ನಲವತ್ತೆರಡು ವರ್ಷ ಲೈನಿನಲ್ಲಿದ್ದವರು ನೀವು, ನಾನು ನಿಮಗೆ ಹೇಳಬೇಕಾ? ಅಂಗಡಿಯಲ್ಲಿ ಎಷ್ಟು ದಿನ ಬೇಕಾದರೂ ಇರಲಿ. ಮನೆಯ ಹೊಸಿಲು ದಾಟಿ ಒಳಗೆ ಹೋಯಿತು ಅಂದರೆ ಈ ಪೆಟ್ಟಿಗೆ ಖಾಲಿ ಹೊರಗೆ ಬರಬಾರದು. ಬಂದರೆ ಇಡೀ ಕಟ್ಟಡಕ್ಕೆ ಒಳ್ಳೇದಲ್ಲ ಸಾರ್."

"ಹೌದು, ಹಾಗೆ ಹೇಳುವುದು ನಾನೂ ಕೇಳಿದ್ದೇನೆ," ಎಂದರು ಮಾಮಿ.

"ಇಡೀ ಕಟ್ಟಡಕ್ಕಾ?" ಎಂದರು ಸೆಕ್ರೆಟರಿ. ಅವರಿಗೆ ನಲವತ್ತೆಂಟು ಫ್ಲ್ಯಾಟಿನ ಜವಾಬ್ದಾರಿ ಇತ್ತು. "ಹಾಗಾದರೆ ಇದು ಕೆಳಗೆ ಬರುವುದು ಬೇಡ ಸಾರ್. ಇಲ್ಲೇ ಇರಲಿ. ಅದಕ್ಕೆ ಕಾಲ ಬಂದಾಗ ತಾನಾಗಿ ಹೋಗ್ತದೆ."

ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಪೆಟ್ಟಿಗೆಯ ಉದ್ದ ನೋಡಿ, ಆಮೇಲೆ ಅಳತೆ ತೆಗೆಯುವ ದರ್ಜಿಯ ಹಾಗೆ ಭೋಜರಾಜರನ್ನು ತಲೆಯಿಂದ ಕಾಲಿನ ತನಕ ನೋಡಿದವು. ಆಮೇಲೆ ಎಲ್ಲರಿಗೂ ಏನೋ ಕೆಲಸ ನೆನಪಾಗಿ ಹೊರಟರು.

ಆರು ಗಂಟೆಗೆ ಶಾಮಿಯಾನ ಬಿಚ್ಚಿದರು. ಐಸ್ ಗೇಟಿನಲ್ಲೇ ಕರಗಿ ಚರಂಡಿಗೆ ಹೋಯಿತು. ಸುಮತಿ ನೆಲದಿಂದ ಆಯ್ದು ತಂದ ಮಣಿಗಳನ್ನು ಹಾಲಿನಲ್ಲಿ ಹರಡಿಕೊಂಡು, ಬಣ್ಣ ಬೇರೆ ಮಾಡುತ್ತ ಕೂತಿದ್ದಳು. ಭೋಜರಾಜರು ಮನೆಯೊಳಗೆ ಒಂದು ಸುತ್ತು ಬಂದರು. ಸೋಫಾದಲ್ಲಿ ನೂಲು, ಮೇಜಿನಲ್ಲಿ ಮಣಿ. ಮಂಚದಲ್ಲಿ ಅವರ ಮಗ್ಗುಲಿಗೆ ಈಗ ಒಂಬತ್ತು ರಟ್ಟಿನ ಪೆಟ್ಟಿಗೆಗಳು. ಬಾಲ್ಕನಿಯಲ್ಲಿ ಆರಾಮ ಕುರ್ಚಿ ಇತ್ತು, ಹಾಕಲು ಮೂಲೆ ಇರಲಿಲ್ಲ. ಬೆಳಗಿನಿಂದ ನಿಂತ ಕಾಲು ಸೋತುಹೋಗಿತ್ತು. ಮನೆಯಲ್ಲಿ ಖಾಲಿಯಿದ್ದದ್ದು ಒಂದೇ ಒಂದು ಜಾಗ.

ಸ್ವಲ್ಪ ಹೊತ್ತು ನೋಡಿದರು. ಮತ್ತೆ ಗಾಜಿನ ಮುಚ್ಚಳ ಎತ್ತಿ ಗೋಡೆಗೆ ಒರಗಿಸಿ, ಒಂದು ಕಾಲು ಇಟ್ಟು, ಇನ್ನೊಂದು ಕಾಲು ಇಟ್ಟು, ಮೆಲ್ಲಗೆ ಒಳಗೆ ಕೂತರು. ಬೆನ್ನಿಗೆ ತೇಗದ ಹಲಗೆ ಸರಿಯಾಗಿ ಒರಗಿಕೊಂಡಿತು. ಕಾಲು ಪೂರ್ತಿ ನೀಡಬಹುದಿತ್ತು. ತಗಡು ತಂಪಾಗಿತ್ತು. ಎದುರಿಗೆ ಕಿಟಕಿ, ಬೇವಿನ ಮರ. ಇಡ್ಲಿ ಗಾಡಿ ಬಂದು ನಿಂತು ಆವಿ ಏಳುತ್ತಿತ್ತು, ಮೊದಲ ಗಿರಾಕಿ ಚಟ್ನಿ ಸುರಿಸಿಕೊಳ್ಳುತ್ತಿದ್ದ.

ಸುಮತಿ ಕಾಫಿ ತಂದಳು. ಬಾಗಿಲಲ್ಲೇ ನಿಂತು ನೋಡಿದಳು. ಬಾಯಿಗೆ ಅಭ್ಯಾಸವಾದ ಮಾತು ಬಂದೇಬಿಟ್ಟಿತ್ತು, ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡಳು. ಆಣೆ ಮಾಡಿದ್ದಳಲ್ಲ. ಲೋಟವನ್ನು ಪೆಟ್ಟಿಗೆಯ ಅಂಚಿನ ಮೇಲೆ ಇಟ್ಟು, "ಬಿಸಿ ಉಂಟು, ನಿಧಾನ ಕುಡೀರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಭೋಜರಾಜರು ಕೂತು ಕಾಫಿ ಕುಡಿದರು.

ಕೆಳಗಿನಿಂದ ಸೆಕ್ರೆಟರಿಯ ದನಿ ಬಂತು. ಸಾಯಂಕಾಲದಿಂದ ಇದು ಮೂರನೆಯ ಸಲ.

"ಬೋಜರಾಜ್ ಸಾರ್! ಹೇಗಿದ್ದೀರಿ?"

"ಇದ್ದೇನೆ ಸಾರ್," ಎಂದರು ಭೋಜರಾಜರು ಕಿಟಕಿಯ ಕಡೆಗೆ ಕತ್ತು ಚಾಚಿ.

ಸೆಕ್ರೆಟರಿ ಬಹಳ ಮರ್ಯಾದೆಯಿಂದ ಹೇಳಿದರು:

"ಪರವಾಗಿಲ್ಲ ಸಾರ್. ಅವಸರ ಏನೂ ಇಲ್ಲ."